ಟಾರ್: ಮಹಸೀರ್ ಮೀನುಗಳ ಕುಲದ ನಾಮಕರಣ ಮತ್ತು ವರ್ಗೀಕರಣ

ಟಾರ್ ಎಂಬುದು ಸಿಪ್ರಿನಿಡೇ ಎಂಬ ಗೆಂಡೆ ಮೀನುಗಳ ಕುಟುಂಬಕ್ಕೆ ಸೇರಿದ, ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಹರಿಯುವ ಸಿಹಿನೀರಿನಲ್ಲಿ ಬಾಳುವ, ದೊಡ್ಡ ಹುರುಪೆಗಳುಳ್ಳ ಮೀನುಗಳ ಕುಲ. ಈ ಕುಲದ ಮೀನುಗಳಿಗೆ ರೂಢಿಯಲ್ಲಿ ಮಹಸೀರ್ ಎಂದು ಹೆಸರು. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳೆಂದು ಜನ ಪೂಜ್ಯಭಾವದಿಂದ ನೋಡುವವು ಇವೇ. ದಕ್ಷಿಣ ಭಾರತದ ಮಹಸೀರ್‌ಗಳ ಪೈಕಿ ಅತಿ ಹೆಚ್ಚು ಪರಿಚಿತವಾದ ಟಾರ್ ಖುದ್ರೀ ಪ್ರಭೇದವನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದ್ದು ಪುಣೆಯ ಮುಳಾ-ಮುಠಾ ನದಿಯ ಮೀನಿನಿಂದ. ಎರಡು ಶತಮಾನಗಳಲ್ಲಿ ಈ ಕುಲದ ಮೀನುಗಳು ಸಿಪ್ರಿನಸ್, ಬಾರ್ಬಸ್, ಟಾರ್ ಎಂಬ ಹೆಸರುಗಳಡಿ ಜಾಗ ಬದಲಿಸುತ್ತ ಬಂದಿವೆ. ಕೆಲವು ಪ್ರಭೇದಗಳು ಟಾರ್‌ನಿಂದ ಹೊರಗೂ ಹೋಗಿವೆ. ಇಂಥ ಬದಲಾವಣೆಗಳ ಫಲ ಪುಸ್ತಕಗಳಲ್ಲಿ ಮಾತ್ರ ಉಳಿಯಲಿಲ್ಲ. ಯಾವ ನದಿಗೆ ಯಾವ ಮರಿ ಬಿಡಬೇಕು, ಯಾವ ಮೀನು ಅಪಾಯದಲ್ಲಿದೆ ಎಂಬ ತೀರ್ಮಾನಗಳೂ ಅವುಗಳನ್ನೇ ಅವಲಂಬಿಸಿದವು.

ಪರಿಭಾಷೆ

ಈ ಲೇಖನದಲ್ಲಿ ಕುಲ ಎಂದರೆ ಹತ್ತಿರದ ಸಂಬಂಧವುಳ್ಳ ಪ್ರಭೇದಗಳ ಗುಂಪು. ವೈಜ್ಞಾನಿಕ ಹೆಸರಿನ ಮೊದಲ ಪದ ಅದರದು. ಪ್ರಭೇದ ಎಂದರೆ ಹೆಸರಿನ ಎರಡನೆಯ ಪದ ಸೂಚಿಸುವ ಘಟಕ. ಒಂದು ಹೆಸರಿಗೆ ಆಧಾರವಾದ ಮೀನು ಮಾದರಿ ನಮೂನೆ. ಅದು ಸಿಕ್ಕ ಜಾಗ ಮಾದರಿ ಸ್ಥಳ. ಕುಲದ ಹೆಸರು ಯಾವ ಪ್ರಭೇದಕ್ಕೆ ಕಟ್ಟುಬಿದ್ದಿದೆಯೋ ಅದು ಮಾದರಿ ಪ್ರಭೇದ. ಒಂದೇ ಪ್ರಾಣಿಗೆ ಎರಡು ಹೆಸರು ಬಿದ್ದಿದ್ದರೆ ಸಾಮಾನ್ಯವಾಗಿ ಮೊದಲು ಅಚ್ಚಾದದ್ದು ನಿಲ್ಲುತ್ತದೆ, ಮತ್ತೊಂದು ಸಮನಾಮವಾಗುತ್ತದೆ. ಇದು ಆದ್ಯತಾ ನಿಯಮ. ಪ್ರಾಣಿನಾಮಗಳ ಅಂತರರಾಷ್ಟ್ರೀಯ ಸಂಹಿತೆಯ ನಾಲ್ಕನೆಯ ಆವೃತ್ತಿ 1999ರಲ್ಲಿ ಪ್ರಕಟವಾಗಿ 2000ದ ಜನವರಿ 1ರಿಂದ ಜಾರಿಯಲ್ಲಿದೆ.

ಒಂದು ಪ್ರಭೇದವನ್ನು ಅದು ಮೊದಲಿದ್ದ ಕುಲದಿಂದ ಇನ್ನೊಂದಕ್ಕೆ ಸೇರಿಸಿದಾಗ ಮೂಲ ಲೇಖಕನ ಹೆಸರನ್ನು ಆವರಣದೊಳಗೆ ಬರೆಯುವುದು ಕ್ರಮ. ‘ಟಾರ್ ಖುದ್ರೀ (ಸೈಕ್ಸ್, 1839)’ ಎಂದು ಓದಿದೊಡನೆ ಎರಡು ಸಂಗತಿ ತಿಳಿಯುತ್ತವೆ: ಸೈಕ್ಸ್ ಈ ಮೀನನ್ನು 1839ರಲ್ಲಿ ವರ್ಣಿಸಿದ, ಆದರೆ ಟಾರ್ ಕುಲದಲ್ಲಿ ಅವನು ಇಟ್ಟಿರಲಿಲ್ಲ.

ದೇಹರಚನೆ ಮತ್ತು ಗುರುತು

ಟಾರ್ ಕುಲದ ಮೀನಿನ ದೇಹ ಉದ್ದನೆಯದು, ಪಕ್ಕಗಳಲ್ಲಿ ತುಸು ಚಪ್ಪಟೆ. ಬಾಯಿಯ ಬಳಿ ಎರಡು ಜೊತೆ ಮೀಸೆಗಳಿವೆ. ಪಾರ್ಶ್ವ ರೇಖೆಯುದ್ದಕ್ಕೂ ಸುಮಾರು 22ರಿಂದ 30 ಹುರುಪೆಗಳು ಮಾತ್ರ ಇರುವುದರಿಂದ ಒಂದೊಂದೂ ದೊಡ್ಡದಾಗಿ ಕಾಣುತ್ತದೆ. ಬೆನ್ನಿನ ಈಜುರೆಕ್ಕೆಯ ಮುಂದಿನ ಕವಲೊಡೆಯದ ಕಡ್ಡಿ ಗಟ್ಟಿಯಾಗಿದ್ದು, ಅದರ ಹಿಂಬದಿ ಗರಗಸದ ಹಲ್ಲಿಲ್ಲದೆ ನಯವಾಗಿರುತ್ತದೆ. ಹಲ್ಲುಗಳು ದವಡೆಯಲ್ಲಿಲ್ಲ, ಗಂಟಲಿನೊಳಗೆ ಮೂರು ಸಾಲಾಗಿ ಇವೆ. ಈ ಮೀನುಗಳ ಜೀವಕೋಶದಲ್ಲಿ 100 ವರ್ಣತಂತುಗಳಿವೆ. ಗೆಂಡೆ ಕುಟುಂಬದ ಬಹುಪಾಲು ಮೀನುಗಳಲ್ಲಿ ಇರುವುದು 50ರ ಆಸುಪಾಸು. ಟಾರ್‌ನ ಪೂರ್ವಜರಲ್ಲಿ ಇಡೀ ಗಂಟು ಇಮ್ಮಡಿಯಾಗಿರುವುದರಿಂದ ಇವು ಚತುರ್ಗುಣಿತ ಮೀನುಗಳು.

ಕುಲ ನಿರ್ಣಯದಲ್ಲಿ ತುಟಿಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ಮೀನನ್ನು ಮಗುಚಿ ಗದ್ದದ ಕೆಳಗಿನಿಂದ ನೋಡಿದರೆ ಕೆಳತುಟಿಯ ಹಿಂದೆ ಒಂದು ಮಡಿಕೆಯ ಗೆರೆ ಕಾಣುತ್ತದೆ. ಅದು ಒಂದು ಬದಿಯಿಂದ ಇನ್ನೊಂದು ಬದಿಗೆ ಕಡಿಯದೆ ಸಾಗಿದ್ದರೆ ಮೀನು ಟಾರ್. ನಡುವೆ ಕಡಿದುಹೋಗಿದ್ದರೆ ನೆರೆಯ ಕುಲವಾದ ನಿಯೋಲಿಸೊಕೈಲಸ್. ಬೆರಳಿನ ಉಗುರಿನಿಂದ ಮುಟ್ಟಿ ನೋಡಬಹುದಾದಷ್ಟು ಸರಳ ಗುರುತಿದು.

ಅದೇ ತುಟಿ ಪ್ರಭೇದ ನಿರ್ಣಯದಲ್ಲಿ ಮಾತ್ರ ಬಹಳ ಮಂದಿಯ ದಾರಿ ತಪ್ಪಿಸಿದೆ. ಕೆಲವು ಮೀನುಗಳಲ್ಲಿ ಎರಡೂ ತುಟಿಗಳು ದಪ್ಪಗೆ ಮಾಂಸಲವಾಗಿ ಬೆಳೆದು ಮಧ್ಯದಲ್ಲಿ ನಾಲಗೆಯಂಥ ತುಣುಕು ಜೋತುಬೀಳುತ್ತದೆ. ಅದೇ ನದಿಯ ಅದೇ ಪ್ರಭೇದದ ಮತ್ತೊಂದು ಮೀನಿನಲ್ಲಿ ತುಟಿ ತೆಳ್ಳಗೇ ಉಳಿದಿರುತ್ತದೆ. ಈ ವ್ಯತ್ಯಾಸವನ್ನು ನಂಬಿ ಹೊಸ ಪ್ರಭೇದ ಹೆಸರಿಸಿದವರ ಹೆಸರುಗಳು ಆಮೇಲೆ ಸಮನಾಮಗಳಾದವು. ಮೈಬಣ್ಣವೂ ನಂಬಿಕೆಗೆ ಅರ್ಹವಲ್ಲ. ನೀರು, ವಯಸ್ಸು, ಋತುವಿಗೆ ತಕ್ಕಂತೆ ಅದು ಹೊನ್ನು, ಬೂದು, ತಾಮ್ರ ವರ್ಣಗಳ ನಡುವೆ ಬದಲಾಗುತ್ತದೆ. ಹೀಗಾಗಿ ತಲೆಯ ಉದ್ದಕ್ಕೂ ದೇಹದ ಎತ್ತರಕ್ಕೂ ಇರುವ ಅನುಪಾತ, ಬೆನ್ನಿನ ಮುಂಭಾಗದ ರೇಖೆ, ಹುರುಪೆಗಳ ಎಣಿಕೆ ಮತ್ತು ಡಿಎನ್‌ಎ ಇವನ್ನು ಒಟ್ಟಿಗೆ ನೋಡಿ ತೀರ್ಮಾನಿಸುವುದು ಇಂದಿನ ಪದ್ಧತಿ.

ಕುಲದ ಹೆಸರಿನ ಹುಟ್ಟು

ಮೀನುಗಳನ್ನು ವಿಂಗಡಿಸಿ ಹೆಸರಿಸುವ ಕೆಲಸ ಈ ನಾಡಿಗೆ ಹೊಸದಲ್ಲ. ಕಲ್ಯಾಣಿ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಮೀನುಗಳ ವಿಂಗಡಣೆ, ಅವಕ್ಕೆ ಹಾಕುವ ಆಹಾರ, ಗಾಳ ಹಾಕುವ ವಿಧಾನ ಎಲ್ಲವೂ ಅಲ್ಲಿವೆ.

ಲ್ಯಾಟಿನ್ ದ್ವಿನಾಮ ಪದ್ಧತಿಯಲ್ಲಿ ಮಹಸೀರ್‌ಗಳು ಬಂದದ್ದು ಫ್ರಾನ್ಸಿಸ್ ಬುಕಾನನ್-ಹ್ಯಾಮಿಲ್ಟನ್ ಅವರ ಗಂಗಾನದಿಯ ಮೀನುಗಳ ಕುರಿತ 1822ರ ಗ್ರಂಥದಲ್ಲಿ. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ವರದಿ ಬರೆದ ಬುಕಾನನ್ ಇವರೇ. ಬಂಗಾಳದ ನದಿಗಳಲ್ಲಿ ಬೆಸ್ತರಿಂದ ಕೇಳಿದ ಹೆಸರುಗಳನ್ನೇ ಉಳಿಸಿಕೊಂಡು ಸಿಪ್ರಿನಸ್ ಟಾರ್, ಸಿಪ್ರಿನಸ್ ಪುಟಿಟೋರಾ, ಸಿಪ್ರಿನಸ್ ಮೊಸಾಲ್ ಎಂದು ಮೂರು ಮಹಸೀರ್‌ಗಳನ್ನು ಅವರು ದಾಖಲಿಸಿದರು. ಆ ಕಾಲದಲ್ಲಿ ಗೆಂಡೆ ಜಾತಿಯ ಮೀನುಗಳನ್ನೆಲ್ಲ ತುಂಬಿಸುತ್ತಿದ್ದದ್ದು ಸಿಪ್ರಿನಸ್ ಎಂಬ ಒಂದೇ ಕುಲಕ್ಕೆ.

1834ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ, ಹ್ಯಾಮಿಲ್ಟನ್ನರ ಟಾರ್ ಎಂಬ ಪ್ರಭೇದನಾಮವನ್ನೇ ಎತ್ತಿ ಕುಲನಾಮ ಮಾಡಿದರು. ಮಾದರಿ ಪ್ರಭೇದ ಸಿಪ್ರಿನಸ್ ಟಾರ್. ಅದರಿಂದಾಗಿ ಆ ಮೀನಿನ ಈಗಿನ ಹೆಸರು ಟಾರ್ ಟಾರ್. ಉತ್ತರ ಬಂಗಾಳದ ಮಹಾನಂದಾ ನದಿಯ ಆಡುನುಡಿಯ ಒಂದು ಪದ ಹೀಗೆ ಏಷ್ಯಾದುದ್ದಕ್ಕೂ ಹರಡಿದ ಒಂದು ಕುಲಕ್ಕೆ ನಿಂತಿತು.

ಪುಣೆಯ ಮಾದರಿ ಸ್ಥಳ

ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ (1790–1872) 1824ರಿಂದ ಮುಂಬಯಿ ಸರ್ಕಾರದ ಅಂಕಿಅಂಶ ವರದಿಗಾರರಾಗಿ ದಖ್ಖನಿನಲ್ಲಿ ಕೆಲಸ ಮಾಡಿದರು. ಜನಸಂಖ್ಯೆ, ಕೃಷಿ, ಹವಾಮಾನಗಳ ಜೊತೆಗೆ ಪ್ರಾಣಿಪಕ್ಷಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ದಖ್ಖನಿನ ಮೀನುಗಳ ಕುರಿತು ಅವರ ಪ್ರಬಂಧ 1838ರ ನವೆಂಬರಿನಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದೆ ಮಂಡನೆಯಾಗಿ 1839ರಲ್ಲಿ ಅಚ್ಚಾಯಿತು. ಚಿತ್ರಗಳೊಂದಿಗಿನ ವಿಸ್ತೃತ ರೂಪ ಹೊರಬಂದದ್ದು 1841ರಲ್ಲಿ. ಆದ್ಯತಾ ನಿಯಮಕ್ಕೆ ಲೆಕ್ಕಕ್ಕೆ ಬರುವುದು 1839.

ಈ ಪ್ರಬಂಧದಲ್ಲಿ ಎರಡು ದೊಡ್ಡ ಮೀನುಗಳು ಅಕ್ಕಪಕ್ಕ ಕುಳಿತಿವೆ. ಒಂದು ಬಾರ್ಬಸ್ ಖುದ್ರೀ. ಪುಣೆಯಿಂದ ಪೂರ್ವಕ್ಕೆ 8 ಮೈಲಿಯಲ್ಲಿ, ಮುಳಾ-ಮುಠಾ ನದಿಯಲ್ಲಿ ಸಿಕ್ಕಿದ್ದು. ಇನ್ನೊಂದು ಬಾರ್ಬಸ್ ಮುಸಲ್ಲಾ. ಇಂದಿನ ಪುಣೆ ಜಿಲ್ಲೆಯ ಶಿರೂರಿನ ಬಳಿ ಘೋಡ್ ನದಿಯಲ್ಲಿ ಸಿಕ್ಕಿದ್ದು. ಹ್ಯಾಮಿಲ್ಟನ್ನರಂತೆ ಸೈಕ್ಸ್ ಸಹ ಊರವರ ಹೆಸರನ್ನೇ ಇಟ್ಟರು. ಕೋಲಸ್, ನುಕ್ತಾ, ಪೋತೈಲ್, ಬೊಗ್ಗುಟ್ ಮುಂತಾದ ಅವರ ಇತರ ಪ್ರಭೇದನಾಮಗಳೂ ಮರಾಠಿ ಬೆಸ್ತರ ಬಾಯಿಂದ ಬಂದವೇ. ಈ ಎರಡು ಮೀನುಗಳ ಮೂಲ ನಮೂನೆಗಳು ಯಾವ ಸಂಗ್ರಹಾಲಯದಲ್ಲೂ ಉಳಿದಿರುವಂತೆ ತಿಳಿದುಬಂದಿಲ್ಲ. ಉಳಿದದ್ದು ಕೆಲವು ಸಾಲಿನ ವರ್ಣನೆ, ಚಿತ್ರ ಮತ್ತು ಸ್ಥಳದ ಹೆಸರು. ಮುಂದಿನ ಗೊಂದಲದ ಬೇರು ಇಲ್ಲೇ ಇದೆ.

ಬಾರ್ಬಸ್‌ನಿಂದ ಟಾರ್‌ಗೆ

ಗ್ರೇ ಕುಲವನ್ನು ಕಟ್ಟಿದರೂ ಒಂದು ಶತಮಾನ ಅದನ್ನು ಬಳಸಿದವರು ಕಡಿಮೆ. ಯುರೋಪಿನ ಮೀಸೆಯ ಗೆಂಡೆಗಳಿಗೆಂದು ರೂಪಿಸಿದ್ದ ಬಾರ್ಬಸ್ ಕುಲಕ್ಕೇ ಏಷ್ಯಾ, ಆಫ್ರಿಕಾಗಳ ನೂರಾರು ಪ್ರಭೇದಗಳನ್ನು ತುಂಬಲಾಯಿತು. 1849ರಲ್ಲಿ ಟಿ. ಸಿ. ಜೆರ್ಡಾನ್ ಮಲಬಾರಿನ ಬೆಟ್ಟದ ಹೊಳೆಗಳ ಮಹಸೀರನ್ನು ಬಾರ್ಬಸ್ ಮಲಬಾರಿಕಸ್ ಎಂದರು. ಫ್ರಾನ್ಸಿಸ್ ಡೇ 1875–78ರ ತಮ್ಮ ಬೃಹತ್ ಗ್ರಂಥದಲ್ಲಿ ಅನೇಕ ಮಹಸೀರ್‌ಗಳನ್ನು ಬಾರ್ಬಸ್ ಟಾರ್ ಎಂಬ ಒಂದೇ ಪ್ರಭೇದದಡಿ ಕೂಡಿಸಿಬಿಟ್ಟರು. ಡೇ ಅವರ ಗ್ರಂಥದ ಪ್ರಭಾವ ಎಷ್ಟಿತ್ತೆಂದರೆ ಹಿಮಾಲಯದಿಂದ ಕಾವೇರಿಯವರೆಗೆ ಎಲ್ಲ ಮಹಸೀರೂ ಒಂದೇ ಎಂಬ ಅಭಿಪ್ರಾಯ ಬಹುಕಾಲ ನಿಂತಿತು.

ಅದನ್ನು ಬಿಡಿಸಲು ಹೊರಟವರು ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ಸುಂದರ್ ಲಾಲ್ ಹೋರಾ. ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದ ನಿಯತಕಾಲಿಕದಲ್ಲಿ 1930ರ ದಶಕದ ಕೊನೆಯಿಂದ 1940ರ ದಶಕದ ಮಧ್ಯದವರೆಗೆ ಬೇಟೆ ಮೀನುಗಳ ಬಗ್ಗೆ ಅವರು ಬರೆದ ಸರಣಿಯಲ್ಲಿ ಮಹಸೀರ್‌ಗಳನ್ನು ಒಂದೊಂದಾಗಿ ಬೇರ್ಪಡಿಸಿದರು. ಟಾರ್ ಅವರ ಬರಹದಲ್ಲಿ ಬಾರ್ಬಸ್‌ನ ಉಪಕುಲವಾಗಿ ಕಾಣಿಸಿಕೊಂಡಿತು. ಸ್ವತಂತ್ರ ಕುಲವಾಗಿ ಟಾರ್ ನೆಲೆಯಾದದ್ದು ಅದರ ನಂತರದ ದಶಕಗಳಲ್ಲಿ. ಈಗ ಬಾರ್ಬಸ್ ಎಂಬ ಹೆಸರು ಮುಖ್ಯವಾಗಿ ಯುರೋಪು ಮತ್ತು ಅದರ ಆಸುಪಾಸಿನ ಮೀನುಗಳಿಗೆ ಸೀಮಿತ. ಡಿಎನ್‌ಎ ಹೋಲಿಕೆಗಳು ಟಾರ್‌ಗೆ ಆಫ್ರಿಕಾದ ಲೇಬಿಯೋಬಾರ್ಬಸ್ ಹತ್ತಿರದ ಬಂಧು ಎಂದು ತೋರಿಸಿರುವುದರಿಂದ ಇವೆರಡೂ ಟಾರಿನೇ ಎಂಬ ಉಪಕುಟುಂಬದಲ್ಲಿ ಜೊತೆಯಾಗಿವೆ.

ಮುಸಲ್ಲಾ ಪ್ರಶ್ನೆ

ಕಾವೇರಿಯಲ್ಲಿ ಬೆನ್ನು ಎತ್ತರಿಸಿಕೊಂಡ, ಭಾರಿ ಗಾತ್ರಕ್ಕೆ ಬೆಳೆಯುವ ಒಂದು ಮಹಸೀರ್ ಇದೆ. ಇದರ ಖ್ಯಾತಿ ಹಳೆಯದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ಗಾಳದ ಮೀನುಬೇಟೆಯ ಪುಸ್ತಕದಿಂದ ಮಹಸೀರ್ ಹೊರನಾಡುಗಳಲ್ಲಿ ಹೆಸರುವಾಸಿಯಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳದಿಂದ ಎತ್ತಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋಗ್ರಾಮಿನ ಮೀನು ದಾಖಲೆಯಾಗಿ ಉಳಿದಿದೆ.

ಇಷ್ಟು ಪ್ರಸಿದ್ಧವಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಮಾತ್ರ ಇರಲಿಲ್ಲ. ಹೋರಾ ಅವರು ಎತ್ತರ ಬೆನ್ನಿನ ಮಹಸೀರನ್ನು ಸೈಕ್ಸ್ ಅವರ ಮುಸಲ್ಲಾ ಎಂದು ಗುರುತಿಸಿದ್ದರಿಂದ, ಕಾವೇರಿಯ ಮೀನೂ ಟಾರ್ ಮುಸಲ್ಲಾ ಎಂದೇ ಪುಸ್ತಕಗಳಲ್ಲಿ ಸೇರಿತು. ಘೋಡ್ ನದಿ ಭೀಮೆಯ ಮೂಲಕ ಕೃಷ್ಣೆಗೆ ಸೇರುವಂಥದ್ದು. ಕಾವೇರಿಯ ಜಲಾನಯನವೇ ಬೇರೆ. ಮೂಲ ನಮೂನೆ ಇಲ್ಲದ ಕಾರಣ ಪರೀಕ್ಷಿಸಿ ನೋಡುವ ದಾರಿಯೂ ಮುಚ್ಚಿತ್ತು.

2013ರಲ್ಲಿ ನೈಟ್, ರೈ ಮತ್ತು ಡಿಸೋಜ ಸೈಕ್ಸ್ ಅವರ ವರ್ಣನೆಯನ್ನು ಮತ್ತೆ ತೂಗಿ ನೋಡಿ, ಮುಸಲ್ಲಾ ಮಹಸೀರೇ ಅಲ್ಲ, ಹಿಪ್ಸೆಲೋಬಾರ್ಬಸ್ ಕುಲದ ಮೀನು ಎಂದು ಸ್ಥಾಪಿಸಿದರು. ಮುಸಲ್ಲಾ ಎಂಬ ಹೆಸರು ತನ್ನ ಮೀನಿನ ಜೊತೆ ಹೊಸ ಕುಲಕ್ಕೆ ಹೋಯಿತು. ಕಾವೇರಿಯ ಗೂನುಬೆನ್ನಿನ ಮಹಸೀರ್ ಅನಾಮಿಕವಾಯಿತು. ಆ ಬಳಿಕ ಪ್ರಕಟವಾದ 2015ರ ಅಧ್ಯಯನವೊಂದು ಅದನ್ನು ಬರೀ ‘ಟಾರ್ ಕುಲದ ಒಂದು ಪ್ರಭೇದ’ ಎಂದಷ್ಟೇ ಕರೆಯಬೇಕಾಯಿತು.

2018ರಲ್ಲಿ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಈ ತೊಡಕನ್ನು ಬಿಡಿಸಿದರು. ಪುಣೆಯ ನೀಲೇಶ್ ದಹಾಣೂಕರ್ ಸಹ ಆ ತಂಡದಲ್ಲಿದ್ದರು. ಕಾವೇರಿಯ ಉಪನದಿ ಮೋಯಾರಿನ ಮೀನುಗಳ ದೇಹರಚನೆ, ಡಿಎನ್‌ಎ ಎರಡನ್ನೂ ಹೋಲಿಸಿದಾಗ ಗೂನುಬೆನ್ನಿನ ಮಹಸೀರ್ ಬೇರೆ ಯಾವುದೂ ಅಲ್ಲ, ಟಾರ್ ರೆಮಾದೇವಿ ಎಂದು ತಿಳಿಯಿತು. ಈ ಹೆಸರನ್ನು ಕುರುಪ್ ಮತ್ತು ರಾಧಾಕೃಷ್ಣನ್ ಕೇರಳದ ಚಿನ್ನಾರ್ ವನ್ಯಧಾಮದ ಪಾಂಬಾರ್ ಹೊಳೆಯ ಮೀನುಗಳಿಗೆ ಅಷ್ಟರಲ್ಲಾಗಲೇ ಕೊಟ್ಟಿದ್ದರು. ಸರ್ವೇಕ್ಷಣೆಯ ಮತ್ಸ್ಯವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರದು. ಪಾಂಬಾರ್ ಸಹ ಕಾವೇರಿ ಜಲಾನಯನದ್ದೇ. ಅಲ್ಲಿ ವರ್ಣಿಸಿದ್ದು ಎಳೆಯ ಮೀನುಗಳನ್ನಾದ್ದರಿಂದ ಅವುಗಳಿಗೂ ಕಾವೇರಿಯ ದೈತ್ಯನಿಗೂ ಇರುವ ನಂಟು ಯಾರಿಗೂ ಹೊಳೆದಿರಲಿಲ್ಲ. ಆದ್ಯತಾ ನಿಯಮದಂತೆ ಅದೇ ಹೆಸರು ಸ್ಥಿರವಾಯಿತು, ಹೊಸದೊಂದನ್ನು ಕಟ್ಟಬೇಕಾಗಲಿಲ್ಲ.

ಪ್ರಭೇದಗಳು

2019ರ ಜಾಗತಿಕ ಪರಿಶೀಲನೆಯೊಂದು ಟಾರ್ ಕುಲದಲ್ಲಿ 16 ಪ್ರಭೇದಗಳನ್ನು ಸಿಂಧು ಎಂದು ಎಣಿಸಿತು. ಭಾರತದಲ್ಲಿ ಮುಖ್ಯವಾದವು ಇವು. ಟಾರ್ ಪುಟಿಟೋರಾ ಹಿಮಾಲಯದ ತಪ್ಪಲ ನದಿಗಳ ಹೊಂಬಣ್ಣದ ಮಹಸೀರ್. ಟಾರ್ ಟಾರ್ ಗಂಗಾ, ನರ್ಮದಾ ನದಿಗಳಿಂದ ವರದಿಯಾಗಿದೆ. ಮಧ್ಯಪ್ರದೇಶ ಮಹಸೀರನ್ನು ರಾಜ್ಯದ ಮೀನಾಗಿ ಘೋಷಿಸಿದೆ. ಟಾರ್ ಮೊಸಾಲ್ ಈಶಾನ್ಯ ಭಾರತ ಮತ್ತು ಮ್ಯಾನ್ಮಾರಿನ ಕಡೆಯದು.

ದಕ್ಷಿಣದಲ್ಲಿ ಟಾರ್ ಖುದ್ರೀಯ ಮೂಲನೆಲೆ ಕೃಷ್ಣಾ ಜಲಾನಯನ. ತಲೆಯ ಉದ್ದ ದೇಹದ ಎತ್ತರಕ್ಕೆ ಹೆಚ್ಚುಕಡಿಮೆ ಸಮ. ಈಜುರೆಕ್ಕೆಗಳಲ್ಲಿ ನೀಲಿ ಛಾಯೆ ಇರುವುದರಿಂದ ನೀಲಿ ರೆಕ್ಕೆಯ ಮಹಸೀರ್ ಎಂಬ ಹೆಸರೂ ಇದೆ. ಟಾರ್ ರೆಮಾದೇವಿ ಕಾವೇರಿ ಜಲಾನಯನ ಬಿಟ್ಟು ಬೇರೆಲ್ಲೂ ಇಲ್ಲ. ತಲೆಯ ಹಿಂದಿನಿಂದಲೇ ಏಳುವ ಬೆನ್ನು, ಕಿತ್ತಳೆ ಬಣ್ಣದ ಬಾಲ ಇದರ ಗುರುತು. ಟಾರ್ ಮಲಬಾರಿಕಸ್ ಪಶ್ಚಿಮ ಘಟ್ಟದ ಪಶ್ಚಿಮಕ್ಕೆ ಹರಿಯುವ ಹೊಳೆಗಳದು. ಎ. ಜಿ. ಕೆ. ಮೆನನ್ 1992ರಲ್ಲಿ ನಾಸಿಕದ ದೇವಳಾಲಿಯಿಂದ ವರ್ಣಿಸಿದ ಟಾರ್ ಕುಲಕರ್ಣಿ ಗಾತ್ರದಲ್ಲಿ ಸಣ್ಣದು.

ನೆರೆಯ ಕುಲಗಳು

ಹಿಂದೆ ಮಹಸೀರ್ ಎಂದೇ ಎಣಿಸುತ್ತಿದ್ದ ಕೆಲವು ಮೀನುಗಳು ಈಗ ಬೇರೆ ಕುಲಗಳಲ್ಲಿವೆ. ರೈನ್‌ಬೋತ್ 1985ರಲ್ಲಿ ಕಟ್ಟಿದ ನಿಯೋಲಿಸೊಕೈಲಸ್‌ನಲ್ಲಿ ಅಸ್ಸಾಮಿನ ಚಾಕೊಲೇಟ್ ಬಣ್ಣದ ಮಹಸೀರ್, ವಯನಾಡಿನ ಒಂದು ಪ್ರಭೇದ ಸೇರಿವೆ. ಅದೇ ವರ್ಷ ಮಿರ್ಜಾ ಮತ್ತು ಜಾವೇದ್ ಬಲೂಚಿಸ್ತಾನದ ಝೋಬ್ ನದಿಯ ಮೀನಿಗಾಗಿ ನಾಜಿರಿಟಾರ್ ಕುಲ ರಚಿಸಿದರು. ಬ್ಲೀಕರ್ 1860ರಲ್ಲಿ ಸ್ಥಾಪಿಸಿದ ಹಿಪ್ಸೆಲೋಬಾರ್ಬಸ್ ದಕ್ಷಿಣ ಭಾರತಕ್ಕೆ ಸೀಮಿತ. ಮುಸಲ್ಲಾ ಈಗ ಇರುವುದು ಇದರಲ್ಲಿ.

ಲೋಣಾವಳದ ಮರಿಗಳು ಮತ್ತು ಕಾವೇರಿ

ಪುಣೆ ಜಿಲ್ಲೆಯ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ವಳವಣ ಜಲಾಶಯದ ಬಳಿ 1970ರ ದಶಕದ ಆರಂಭದಲ್ಲಿ ಮಹಸೀರ್ ಸಾಕಣಾ ಕೇಂದ್ರ ಹುಟ್ಟಿಕೊಂಡಿತು. ಖುದ್ರೀಯ ಮೊಟ್ಟೆಯಿಡುವ ಕ್ರಮ, ಮರಿಗಳ ಬೆಳವಣಿಗೆಗಳನ್ನು ಮೊದಲು ವಿವರವಾಗಿ ದಾಖಲಿಸಿದ ಸಿ. ವಿ. ಕುಲಕರ್ಣಿ, ಆನಂತರ ಎಸ್. ಎನ್. ಓಗಲೆ ಇದರ ಬೆನ್ನೆಲುಬಾಗಿದ್ದರು. ಹೆಣ್ಣು ಮೀನಿನ ಹೊಟ್ಟೆಯನ್ನು ಹಗುರಾಗಿ ಒತ್ತಿ ಮೊಟ್ಟೆ ಹೊರತೆಗೆದು, ಗಂಡಿನ ವೀರ್ಯದೊಂದಿಗೆ ಬೆರೆಸಿ, ಹರಿಯುವ ನೀರಿನ ತಟ್ಟೆಗಳಲ್ಲಿ ಮರಿ ಮಾಡುವುದು ಇಲ್ಲಿಯ ವಿಧಾನ. ಅಣೆಕಟ್ಟುಗಳಿಂದ ವಲಸೆದಾರಿ ಕಳೆದುಕೊಂಡ ಮೀನಿಗೆ ಇದು ಆಸರೆಯಾಯಿತು. ಮಹಸೀರನ್ನು ಕೃತಕವಾಗಿ ಬೆಳೆಸಲು ಸಾಧ್ಯವೆಂದು ದೇಶಕ್ಕೆ ತೋರಿಸಿದ ಕೆಲಸ ಎಂಬ ಮನ್ನಣೆ ಅದಕ್ಕೆ ಸಲ್ಲಬೇಕು.

ಮರಿಗಳು ಅನೇಕ ರಾಜ್ಯಗಳಿಗೆ ಹೋದವು. 1970–80ರ ದಶಕಗಳಲ್ಲಿ ಕಾವೇರಿಗೂ ಬಂದವು. ಮಹಸೀರ್ ಎಂದರೆ ಮಹಸೀರ್ ಎಂಬ ತಿಳುವಳಿಕೆ ಇದ್ದ ಆ ಕಾಲದಲ್ಲಿ ಕೃಷ್ಣಾ ಜಲಾನಯನದ ಪ್ರಭೇದವನ್ನು ಕಾವೇರಿಗೆ ಬಿಡುವುದು ಹೊರಗಿನ ಮೀನೊಂದನ್ನು ತಂದಂತೆ ಎಂದು ಯಾರೂ ಎಣಿಸಲಿಲ್ಲ. ಕಾವೇರಿ ವನ್ಯಧಾಮದ ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳ ಹಾಕುವವರು ಬರೆದಿಟ್ಟ ಲೆಕ್ಕಗಳು ಆಮೇಲೆ ವಸ್ತುಸ್ಥಿತಿ ತೋರಿಸಿದವು: ಒಟ್ಟು ಸಿಗುತ್ತಿದ್ದ ಮಹಸೀರ್‌ಗಳ ಸಂಖ್ಯೆ ಏರಿತ್ತು, ಏರಿದ್ದು ನೀಲಿ ರೆಕ್ಕೆಯವು. ಗೂನುಬೆನ್ನಿನವು ಕುಸಿಯುತ್ತ ಬಂದಿದ್ದವು. ಒಂದೇ ಹೆಸರಿನಡಿ ಎಣಿಸಿದ್ದರೆ ಈ ಕುಸಿತ ಏರಿಕೆಯ ಹಿಂದೆ ಮರೆಯಾಗುತ್ತಿತ್ತು.

ಬಳಕೆ ಮತ್ತು ಆರಾಧನೆ

ಮಹಸೀರ್ ಆಹಾರದ ಮೀನೂ ಹೌದು, ಗಾಳದ ಮೀನೂ ಹೌದು. ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಹಿಡಿದು ತೂಗಿ ಮರಳಿ ನೀರಿಗೆ ಬಿಡುವ ಪದ್ಧತಿ ದಶಕಗಳ ಕಾಲ ನಡೆಯಿತು. 2010ರ ದಶಕದ ಆರಂಭದಲ್ಲಿ ವನ್ಯಜೀವಿ ಕಾಯಿದೆಯ ಕಾರಣಕ್ಕೆ ನಿಂತಿತು. ದೇವಸ್ಥಾನದ ಮಡುಗಳಲ್ಲಿ ಮೀನು ಹಿಡಿಯುವುದೇ ನಿಷಿದ್ಧ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಾಲಯದ ಮುಂದೆ ಭಕ್ತರು ಅಕ್ಕಿ, ಮಂಡಕ್ಕಿ ಎಸೆದರೆ ಮೀನುಗಳು ಮೆಟ್ಟಿಲವರೆಗೂ ನುಗ್ಗಿ ಬರುತ್ತವೆ. 1996ರಲ್ಲಿ ಇಲ್ಲಿ ನೀರಿಗೆ ವಿಷ ಬೆರೆಸಿದ್ದರಿಂದ ಅಪಾರ ಸಂಖ್ಯೆಯ ಮೀನುಗಳು ಸತ್ತವು. ಆಮೇಲೆ ಊರವರ ಕಾವಲಿನಲ್ಲಿ ಮಡು ಮತ್ತೆ ತುಂಬಿಕೊಂಡಿದೆ. ವರ್ಗೀಕರಣದ ದೃಷ್ಟಿಯಿಂದಲೂ ಇಂಥ ಮಡುಗಳಿಗೆ ಬೆಲೆ ಇದೆ. ಹೊರಗಿನ ಮರಿ ಬಿಡದೆ ಉಳಿದ ಮಡುವೊಂದರಲ್ಲಿ ಆ ನದಿಯ ಸ್ವಂತ ತಳಿ ಸಿಗುವ ಸಂಭವ ಹೆಚ್ಚು.

ಇಂದಿನ ಸ್ಥಿತಿ

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿ ಹೆಸರುಳ್ಳ ಪ್ರಭೇದವನ್ನು ಆಧರಿಸಿ ಅಪಾಯ ಅಳೆಯುತ್ತದೆ. ಹೆಸರು ಸಿಕ್ಕ 2018ರಲ್ಲೇ ಟಾರ್ ರೆಮಾದೇವಿ ‘ತೀವ್ರ ಅಪಾಯದಲ್ಲಿರುವ’ ವರ್ಗಕ್ಕೆ ಸೇರಿತು. ಆ ಮೌಲ್ಯಮಾಪನದಲ್ಲೇ ಟಾರ್ ಖುದ್ರೀ ‘ಅಪಾಯದಲ್ಲಿರುವ’ ವರ್ಗದಿಂದ ‘ಕನಿಷ್ಠ ಕಾಳಜಿ’ಯ ವರ್ಗಕ್ಕೆ ಇಳಿಯಿತು. ಟಾರ್ ಪುಟಿಟೋರಾ ಅಪಾಯದಲ್ಲಿದೆ. ಕುಲದ ಮಾದರಿ ಪ್ರಭೇದವಾದ ಟಾರ್ ಟಾರ್ ಬಗ್ಗೆ ಮಾಹಿತಿಯೇ ಸಾಲದು ಎಂಬುದು ಪಟ್ಟಿಯ ನಿಲುವು.

ಖುದ್ರೀಯ ಒಟ್ಟಾರೆ ಸ್ಥಿತಿ ಸಮಾಧಾನಕರ ಎನಿಸಿದರೂ ಅದರ ಮಾದರಿ ಸ್ಥಳಕ್ಕೆ ಆ ಮಾತು ಸಲ್ಲದು. ಸೈಕ್ಸ್ ಮೀನು ಹಿಡಿಸಿದ ಮುಳಾ-ಮುಠಾ ಇಂದು ಪುಣೆ ನಗರದ ಕೊಳಚೆ ಹೊತ್ತು ಭೀಮೆಗೆ ಸೇರುತ್ತದೆ; ನಗರದ ಮೇಲ್ಭಾಗದಲ್ಲಿ ಮುಠಾ ನದಿಗೆ ಖಡಕವಾಸ್ಲಾ ಅಣೆಕಟ್ಟು 19ನೇ ಶತಮಾನದಿಂದಲೇ ಅಡ್ಡವಾಗಿದೆ. ಮೂಲ ನಮೂನೆ ಕಳೆದುಹೋದ ಪ್ರಭೇದಗಳಲ್ಲಿ ಸಂದೇಹ ಬಂದಾಗ ಮಾದರಿ ಸ್ಥಳದ ಮೀನನ್ನೇ ಹಿಡಿದು ಹೋಲಿಸಬೇಕಾಗುತ್ತದೆ. ಆ ಕಾರಣದಿಂದ ಪುಣೆಯ ಸುತ್ತಲಿನ ಭೀಮಾ ಉಪನದಿಗಳಲ್ಲಿ ಉಳಿದಿರುವ ಮಹಸೀರ್‌ಗಳು ಸಂಶೋಧಕರಿಗೆ ಬೇರೆಡೆಯ ಮೀನುಗಳಿಗಿಂತ ಹೆಚ್ಚು ಅಮೂಲ್ಯ. 1959ರಿಂದ ಪುಣೆಯಲ್ಲಿರುವ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ ಈ ಭಾಗದ ಜೀವಿಗಳ ನಮೂನೆಗಳನ್ನು ಸಂಗ್ರಹಿಸಿ ಕಾಯುತ್ತಿದೆ.

ಕರ್ನಾಟಕದ ಮೀನುಗಾರಿಕೆ ಇಲಾಖೆ ಕೊಡಗಿನ ಹಾರಂಗಿಯಲ್ಲಿ ಮಹಸೀರ್ ಮರಿ ಉತ್ಪಾದಿಸುತ್ತದೆ. ದಶಕಗಳಿಂದ ಮರಿಗಳನ್ನು ಒಂದು ಜಲಾನಯನದಿಂದ ಇನ್ನೊಂದಕ್ಕೆ ಬಿಟ್ಟಿರುವುದರಿಂದ ಅನೇಕ ನದಿಗಳಲ್ಲಿ ಮೂಲ ತಳಿ ಯಾವುದು, ತಂದದ್ದು ಯಾವುದು ಎಂದು ನೋಟದಿಂದ ಹೇಳುವುದು ಕಷ್ಟವಾಗಿದೆ. ಟಾರ್ ಕುಲಕರ್ಣಿ ಸ್ವತಂತ್ರ ಪ್ರಭೇದವೇ, ಖುದ್ರೀಯ ಒಂದು ರೂಪವೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕರಾವಳಿಯ ಪಶ್ಚಿಮಾಭಿಮುಖ ಹೊಳೆಗಳ ಮಹಸೀರ್‌ಗಳನ್ನು ಕೆಲವು ವರದಿಗಳು ಖುದ್ರೀ ಎಂದೂ ಕೆಲವು ಮಲಬಾರಿಕಸ್ ಎಂದೂ ಬರೆದಿವೆ. ಒಂದೊಂದು ಹೊಳೆಯಿಂದಲೂ ನಮೂನೆ ಮತ್ತು ಡಿಎನ್‌ಎ ಸಂಗ್ರಹಿಸಿ ಹೋಲಿಸಿದ ಮೇಲೆ ಮಾತ್ರ ಈ ಹೆಸರುಗಳು ಸ್ಥಿರವಾಗಬಲ್ಲವು. ಅಲ್ಲಿಯವರೆಗೆ ಒಂದು ಹೊಳೆಯ ಮರಿಯನ್ನು ಅದೇ ಹೊಳೆಗೆ ಬಿಡುವುದೇ ಸುರಕ್ಷಿತ ಕ್ರಮ.